ಕಟ್ಟೆಯ ಮೇಲಿನ ಸನಾದಿ, ಒಳಗಿನ ಕಂಪ್ಯೂಟರು

ನಾನು ಬರೆಯುತ್ತಿದ್ದ ತಂತ್ರಾಂಶಕ್ಕೆ ಒಬ್ಬ ಮನುಷ್ಯ ಬೇಕಾಗಿದ್ದ. ಯಾರಾದರೂ ನಡೆಯುತ್ತಿತ್ತು, ಊದಲು ಬಂದರೆ ಸಾಕಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಾನು ಮಾಡಿದ್ದನ್ನು ಸಮಾಜಸೇವೆ ಎಂದು ಹೊಗಳಿದವರಿದ್ದಾರೆ. ಆ ಹೊಗಳಿಕೆಯನ್ನು ನಾನು ತಲೆ ತಗ್ಗಿಸಿ, ಒಳಗೊಳಗೆ ಹಿಗ್ಗಿ, ಪೂರ್ತಿ ಕೇಳಿಸಿಕೊಂಡದ್ದೂ ಇದೆ.

ಹೊಸ ಶತಮಾನ ಹುಟ್ಟಿ ಐದಾರು ವರ್ಷ ಕಳೆದಿತ್ತು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೆ. ನಮ್ಮ ವಿಭಾಗಕ್ಕೆ ಹೊಸ ಕಂಪ್ಯೂಟರುಗಳು ಬಂದಾಗ ಸಹೋದ್ಯೋಗಿಗಳು ಅವುಗಳ ಮೇಲೆ ಮಾಡಿದ ಸಂಶೋಧನೆಯೆಂದರೆ ಇಸ್ಪೀಟಾಟ. ಒಬ್ಬರು ದಿನಕ್ಕೆ ಎಷ್ಟು ಸಲ ಆಟ ಪೂರೈಸುತ್ತಾರೆಂಬುದು ಸ್ಟಾಫ್ ರೂಮಿನಲ್ಲಿ ಚರ್ಚೆಯ ವಿಷಯವಾಗಿತ್ತು. ನಾನು ಅವರ ಜೊತೆ ಚಹಾ ಕುಡಿಯುವುದನ್ನೂ ಬಿಟ್ಟಿದ್ದೆ. ನನ್ನ ದೃಷ್ಟಿಯಲ್ಲಿ ಆ ಕಟ್ಟಡದಲ್ಲಿ ತಲೆಯಿದ್ದವನು ನಾನೊಬ್ಬನೇ.

ಕಂಪ್ಯೂಟರಿನಲ್ಲಿ ವಾದ್ಯದ ದನಿ ಹುಟ್ಟಿಸಲು ನನಗೆ ಎರಡು ದಾರಿ ಗೊತ್ತಿದ್ದವು. ಒಂದು, ನಿಜವಾದ ವಾದ್ಯವನ್ನು ಧ್ವನಿಮುದ್ರಿಸಿ, ಆ ದನಿಯನ್ನು ಸೆಕೆಂಡಿನ ಮೂವತ್ತರಲ್ಲೊಂದು ಭಾಗದಷ್ಟು ಸಣ್ಣ ನುಚ್ಚಾಗಿ ಒಡೆದು, ಬೇಕಾದ ಹಾಗೆ ಮತ್ತೆ ಸುರಿಯುವುದು. ಇನ್ನೊಂದು, ದನಿಯನ್ನು ಮುಟ್ಟದೆ ವಾದ್ಯದ ದೇಹವನ್ನೇ ಲೆಕ್ಕದಲ್ಲಿ ಕಟ್ಟುವುದು. ತುಟಿಯ ನಡುವೆ ಅದುರುವ ಪೀಪಿ ಎಷ್ಟು ತೆರೆಯುತ್ತದೆ, ಗಾಳಿಯ ಅಲೆ ಕೊಳವೆಯ ತುದಿ ಮುಟ್ಟಿ ಎಷ್ಟು ಹೊತ್ತಿಗೆ ಮರಳುತ್ತದೆ, ಯಾವ ತೂತು ತೆರೆದರೆ ಆ ಹೊತ್ತು ಎಷ್ಟು ಕಡಿಮೆಯಾಗುತ್ತದೆ, ಇಷ್ಟೇ. ಮೊದಲನೆಯದರಲ್ಲಿ ಜೀವದ ಬಣ್ಣವಿದೆ, ಹಿಡಿತವಿಲ್ಲ. ಎರಡನೆಯದರಲ್ಲಿ ಹಿಡಿತವಿದೆ, ಬಣ್ಣವಿಲ್ಲ. ಎರಡನ್ನೂ ಕೂಡಿಸಿದ ಒಂದು ಸನಾದಿ ಮಾಡುತ್ತೇನೆಂದು ನಾನು ಹಟ ಹಿಡಿದಿದ್ದೆ. ಶಹನಾಯಿಯ ನಮ್ಮ ಕಡೆಯ ಹೆಸರು ಸನಾದಿ.

ಬೆಂಗಳೂರಿನಿಂದ ಒಬ್ಬ ತಜ್ಞರು ಬಂದಿದ್ದರು. ಬಾದಾಮಿಯ ಮೇಣಬಸದಿ ಗುಹೆಗಳನ್ನು ನೋಡಲು ಹೊರಟವರನ್ನು ನಮ್ಮ ಪ್ರಾಂಶುಪಾಲರು ದಾರಿಯಲ್ಲಿ ಹಿಡಿದು ತಂದಿದ್ದರು. ನನ್ನ ಕೆಲಸವನ್ನು ಅವರು ಗಡಿಯಾರ ನೋಡುತ್ತ ಕೇಳಿದರು. ಕೊನೆಗೆ, "ಪಾಶ್ಚಾತ್ಯರ ಓಬೋ ವಾದ್ಯದ ಸಿ.ಡಿ. ಸಿಗುತ್ತದೆ. ಅದಕ್ಕೇ ಸ್ವಲ್ಪ ಮೂಗಿನ ಧ್ವನಿ ಸೇರಿಸಿದರೆ ನಿಮ್ಮದಾಗುತ್ತದೆ, ಇಷ್ಟೆಲ್ಲ ಯಾಕೆ?" ಎಂದರು. ಶಾಲು ಹೊದಿಸಿಕೊಂಡು ಹೋದರು. ಅಂಥವರಿಂದ ಕಲಿಯುವುದು ಏನೂ ಇಲ್ಲವೆಂದು ಆವತ್ತೇ ತೀರ್ಮಾನಿಸಿದೆ. ಆ ತೀರ್ಮಾನ ಈಗಲೂ ಸರಿಯೆನಿಸುತ್ತದೆ.

ನಮ್ಮ ಲ್ಯಾಬಿನ ಅಟೆಂಡರ್ ಬೆಸುಗೆ ಹಾಕುವುದರಲ್ಲಿ ನಮ್ಮೆಲ್ಲರಿಗಿಂತ ನುರಿತವನು. ಒಂದು ದಿನ ಬಾಗಿಲಲ್ಲಿ ನಿಂತು ಕೆಮ್ಮಿದ. ಅವನ ಮಾವ, ಅಂದರೆ ಹೆಂಡತಿಯ ತಂದೆ, ಸನಾದಿ ಊದುವವರಂತೆ. ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿಯಿಂದ ಒಳಗೆ ಸರಿದ ಒಂದು ಊರಲ್ಲಿ, ಗುಡಿಯ ಬೆಳಗಿನ ಆರತಿಗೆ ಊದುವುದು ಅವರ ಮನೆತನದ ಸೇವೆ.

"ಮುಖಕ್ಕ ಲಕ್ವಾ ಹೊಡದೈತ್ರಿ ಸರ. ಎಡಗಡೆ ತುಟಿ ನಿಲ್ಲವಲ್ದು, ಗಾಳಿ ಸೋರಿ ಹೊಕ್ಕೈತಿ. ಉಸುರು ಮಾತ್ರ ಮೊದಲಿನಂಗ ಐತಿ, ಕೈ ಬಳ್ಳೂ ಆಡ್ತಾವು. ನಿಮ್ಮ ಕಂಪ್ಯೂಟರ್‌ದಾಗ ಏನರ ಹಾದಿ ಐತೇನ್ರಿ?"

ಅವನು ನೆರವು ಕೇಳಿದ್ದ. ನನಗೆ ಕೇಳಿಸಿದ್ದು ಬೇರೆ: ತುಟಿ ಇಲ್ಲದ, ಉಸಿರು ಇರುವ, ಅರವತ್ತು ದಾಟಿದ ಅನುಭವಿ. ಪೀಪಿಯ ಲೆಕ್ಕ ಕಂಪ್ಯೂಟರಿನದು, ಉಸಿರು ಮನುಷ್ಯನದು ಎಂದು ಎರಡನ್ನೂ ಬೇರ್ಪಡಿಸಿ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗುವುದಿಲ್ಲವೆಂದು ಖುಷಿಪಟ್ಟೆ. ಹೂಂ ಎಂದೆ.

ಮುಂದಿನ ಭಾನುವಾರ ಆ ಅಜ್ಜ ನಮ್ಮ ಮನೆಗೆ ಬಂದರು. ಕೆಳಗಿಳಿದ ಬಾಯಿಯ ಮೂಲೆಯನ್ನು ಟವೆಲ್ಲಿನಿಂದ ಮುಚ್ಚಿಕೊಂಡೇ ಮಾತಾಡುತ್ತಿದ್ದರು. ಸೇವೆ ನಿಂತು ಎಷ್ಟೋ ತಿಂಗಳಾಗಿತ್ತು. ಗುಡಿಯ ಕಮಿಟಿಯವರು ಶ್ರಾವಣದ ಮೊದಲ ಸೋಮವಾರದವರೆಗೆ ನೋಡುತ್ತೇವೆ, ಅಷ್ಟರಲ್ಲಿ ಊದದಿದ್ದರೆ ಮೋಟಾರಿನ ನಗಾರಿ-ಗಂಟೆಯ ಯಂತ್ರ ತಂದು, ಜೊತೆಗೆ ಒಂದು ಕ್ಯಾಸೆಟ್ ಹಚ್ಚುತ್ತೇವೆ ಎಂದಿದ್ದರು. ನಾನು ವ್ಯವಹಾರದ ಮನುಷ್ಯನಂತೆ, ಸೇವೆ ಹೋದರೆ ಏನು ನಷ್ಟ ಎಂದು ಕೇಳಿದೆ.

ಆ ಊರಿನ ಪದ್ಧತಿಯನ್ನು ಅಳಿಯನೇ ಬಿಡಿಸಿ ಹೇಳಿದ. ಸನಾದಿಯವರು ಗುಡಿಯ ಒಳಗೆ ಹೋಗುವಂತಿಲ್ಲ. ಮೆಟ್ಟಿಲ ಕೆಳಗೆ ಎಡಕ್ಕೆ ಒಂದು ಕಲ್ಲಿನ ಕಟ್ಟೆಯಿದೆ, ಅಪ್ಪ-ಅಜ್ಜನ ಕಾಲದಿಂದ ಅಲ್ಲೇ ಕೂತು ಊದುವುದು. ಆದರೆ ಪೂಜಾರಿ ಆರತಿ ಹೊತ್ತಿಸಿಕೊಂಡು ಗರ್ಭಗುಡಿಯಲ್ಲಿ ನಿಲ್ಲುತ್ತಾನೆ, ಕಟ್ಟೆಯಿಂದ ಸನಾದಿಯ ಮೊದಲ ಸ್ವರ ಬರುವವರೆಗೆ ಕೈ ಎತ್ತುವುದಿಲ್ಲ. ಊರ ಗೌಡರು ಬಂದು ನಿಂತಿದ್ದರೂ ಅಷ್ಟೇ. ಅಜ್ಜ ಟವೆಲ್ ತೆಗೆದು ಒಂದೇ ಮಾತು ಸೇರಿಸಿದರು. "ನಾ ಊದೂ ತನಕಾ ದೇವ್ರಿಗೂ ಆರತಿ ಇಲ್ರಿ."

ಜಗತ್ತು ಈ ಮನುಷ್ಯನಿಗೆ ಕೊಟ್ಟದ್ದು ಅದೊಂದೇ ಅಧಿಕಾರ. ಅದೂ ಬಾಯಿಯ ಎಡ ಮೂಲೆಯಿಂದ ಸೋರಿಹೋಗುತ್ತಿತ್ತು.

ಕೆಲಸ ಶುರುವಾಯಿತು. ಉಸಿರಿಗೆ, ಕೆಟ್ಟುಹೋದ ಒಂದು ಬಿ.ಪಿ. ಯಂತ್ರದ ಒತ್ತಡ ಅಳೆಯುವ ಬಿಡಿಭಾಗ ಕಿತ್ತೆವು. ಅದಕ್ಕೊಂದು ಸಣ್ಣ ಪ್ಲಾಸ್ಟಿಕ್ ನಳಿಗೆ, ನಳಿಗೆಯ ಇನ್ನೊಂದು ತುದಿ ಬಾಯೊಳಗೆ. ಬೆರಳಿಗೆ, ಹಳೆಯದೊಂದು ಸನಾದಿಯ ಏಳೂ ತೂತುಗಳ ಒಳಗೆ ಬೆಳಕು ಬಿದ್ದರೆ ವಿದ್ಯುತ್ತು ಹೆಚ್ಚು ಬಿಡುವ ಕಾಳಿನಷ್ಟು ಸಣ್ಣ ಕಣ್ಣುಗಳನ್ನು ಕೂರಿಸಿದೆವು. ಬೆರಳು ಮುಚ್ಚಿದರೆ ಕತ್ತಲೆ, ಅರ್ಧ ತೆರೆದರೆ ಅರ್ಧ ಬೆಳಕು. ಸನಾದಿಯಲ್ಲಿ ಸ್ವರದಿಂದ ಸ್ವರಕ್ಕೆ ಜಾರುವುದೆಲ್ಲ ಈ ಅರ್ಧ ತೆರೆದ ತೂತುಗಳಲ್ಲೇ ನಡೆಯುತ್ತದೆ, ಗುಂಡಿ ಒತ್ತುವ ಯಂತ್ರದಿಂದ ಅದು ಸಾಧ್ಯವಿಲ್ಲ. ಅಳತೆಗಳನ್ನೆಲ್ಲ ಒಂದು ಸಣ್ಣ ಚಿಪ್ ಒಟ್ಟುಮಾಡಿ, ಕಂಪ್ಯೂಟರಿನ ಬೆನ್ನಿಗಿರುವ ಸೀರಿಯಲ್ ಪೋರ್ಟಿಗೆ ತಂತಿಯ ಮೂಲಕ ಕಳಿಸುತ್ತಿತ್ತು. ಬೆಸುಗೆಯೆಲ್ಲ ಅಟೆಂಡರನದು. ಲೆಕ್ಕವೆಲ್ಲ ನನ್ನದು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ.

ನುಚ್ಚು ಮಾಡಲು ಅಜ್ಜನ ಹಳೆಯ ದನಿ ಬೇಕಿತ್ತು. ಅವರ ಹತ್ತಿರ ಒಂದು ಕ್ಯಾಸೆಟ್ಟೂ ಇರಲಿಲ್ಲ. ಕೊನೆಗೆ ಸಿಕ್ಕದ್ದು ಗುಡಿ ಕಮಿಟಿಯ ಅಧ್ಯಕ್ಷರ ಮಗಳ ಮದುವೆಯ ವಿಡಿಯೊ. ಅಧ್ಯಕ್ಷರು ಇಳಕಲ್ಲಿನ ಗ್ರಾನೈಟ್ ವ್ಯಾಪಾರಿ. ಮೂರು ತಾಸಿನ ಆ ವಿಡಿಯೊದಲ್ಲಿ ಬೀಗರ ಕೊರಳಿನ ಸರಗಳನ್ನು ಒಂದೊಂದಾಗಿ ತೋರಿಸಿದ್ದಾರೆ, ಬುಂದಿ ಕಟ್ಟುವುದನ್ನು ತೋರಿಸಿದ್ದಾರೆ, ಒಂದು ಹಸುವನ್ನೂ ತೋರಿಸಿದ್ದಾರೆ. ಸನಾದಿ ಊದುವವರ ಮುಖ ಒಂದು ಸಲವೂ ಇಲ್ಲ. ಆದರೆ ಮೈಕು ಅವರ ಮುಂದೆಯೇ ಇತ್ತೆಂದು ಕಾಣುತ್ತದೆ, ದನಿ ಮಾತ್ರ ಮೊದಲಿಂದ ಕೊನೆಯವರೆಗೆ ಇದೆ. ಅಕ್ಷತೆಯ ಗದ್ದಲ, ಊಟಕ್ಕೆ ಏಳಿ ಎಂಬ ಕೂಗು ಇಲ್ಲದ ಜಾಗಗಳನ್ನು ಹುಡುಕಿ ಹುಡುಕಿ ನಾನು ಕೆಲವು ಸಾವಿರ ನುಚ್ಚು ಕತ್ತರಿಸಿದೆ.

ಮೊದಲು ಬರೀ ನುಚ್ಚಿನಿಂದ ಮಾಡಿದ್ದು ಕಿಡಿಗೇಡಿ ಗುಂಗಿಹುಳದಂತೆ ಕಿವಿಯ ಸುತ್ತ ಮೊರೆಯಿತು. ಬಣ್ಣ ಅಜ್ಜನದೇ, ಆದರೆ ಜೋರಾಗಿ ಊದಿದರೂ ಮೆಲ್ಲಗೆ ಊದಿದರೂ ಒಂದೇ ಮೊರೆತ. ಬರೀ ಲೆಕ್ಕದ ಕೊಳವೆಯಿಂದ ಬಂದದ್ದು ಸಂತೆಯಲ್ಲಿ ಮಾರುವ ಪ್ಲಾಸ್ಟಿಕ್ ಪೀಪಿ. ಆಮೇಲೆ ಎರಡನ್ನೂ ಸಮಸಮ ಬೆರೆಸಿದೆ. ಒಂದೇ ಮನೆಯಲ್ಲಿ ಇಬ್ಬರು ಬೇರೆ ಬೇರೆ ಕೆಲಸಕ್ಕೆ ಊದುತ್ತಿರುವಂತೆ ಕೇಳಿಸಿತು. ಐದು ಭಾನುವಾರ ಇದರಲ್ಲೇ ಹೋದವು. ಅಜ್ಜ ದೂರು ಹೇಳಲಿಲ್ಲ. ಊದಿ, ನಳಿಗೆ ತೆಗೆದು, ಒರೆಸಿ, ಬಸ್ಸಿಗೆ ಹೋಗುತ್ತಿದ್ದರು. ಆ ಮೌನ ನನಗೆ ಸಿಟ್ಟು ತರುತ್ತಿತ್ತು. ಅವರಿಗೆ ತಿಳಿವಳಿಕೆ ಸಾಲದು ಎಂದುಕೊಂಡೆ.

ಸರಿಹೋದದ್ದು ನಾನು ಬೆರೆಸುವುದನ್ನೇ ಬಿಟ್ಟಾಗ. ನುಚ್ಚನ್ನು ಕೇಳುವವರ ಕಿವಿಗೆ ಯಾಕೆ ಕಳಿಸಬೇಕು? ಪೀಪಿ ಮಾಡುವುದೇನು, ಉಸಿರನ್ನು ಚೂರು ಚೂರಾಗಿ ಕೊಳವೆಯೊಳಗೆ ತಳ್ಳುವುದು. ಹಾಗಾದರೆ ನುಚ್ಚುಗಳನ್ನು ಪೀಪಿಯ ಜಾಗದಲ್ಲಿಟ್ಟು ಲೆಕ್ಕದ ಕೊಳವೆಯೊಳಗೇ ಸುರಿಯಬೇಕು. ಕೊಳವೆ ತನಗೆ ಒಪ್ಪಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ನುಂಗಲಿ. ಅಷ್ಟು ವಾರ ಬರೆದ ಬೆರಕೆಯ ಭಾಗವನ್ನೆಲ್ಲ ಅಳಿಸಿಹಾಕಿದೆ. ಹೊಸದಾಗಿ ಬರೆದದ್ದು ಅದರ ಕಾಲು ಭಾಗವೂ ಇರಲಿಲ್ಲ. ಮುಂದಿನ ಭಾನುವಾರ ಮೊದಲ ಸಲ ಮನೆಯೊಳಗಿಂದ ನಮ್ಮ ಅವ್ವ, ಯಾರ ಮದುವಿ ಎಂದು ಕೇಳಿದಳು.

ನಾನು ಎದ್ದು ಅಜ್ಜನ ಹತ್ತಿರ ಹೋದೆ. ಹೊಗಳಿಕೆಗೆ ಕಾದು ನಿಂತೆ. ಅವರು ನಳಿಗೆ ಒರೆಸುತ್ತಿದ್ದರು.

"ದನಿ ನಂದ ಐತ್ರಿ ಸರ. ಆದ್ರ ಇದು ನಾ ಹೇಳ್ದಂಗ ಕೇಳ್ತೈತಿ. ಸನಾದಿ ಹಂಗ ಕೇಳಂಗಿಲ್ಲ. ಅದು ಮೊದಲ ಒಲ್ಲೆ ಅಂತೈತಿ, ಆಮ್ಯಾಲ ಬರ್ತೈತಿ."

ನನಗೆ ಕೆಂಡದಂಥ ಕೋಪ ಬಂತು. ಆದರೆ ಅವರು ಹೇಳಿದ್ದು ಏನೆಂದು ನನಗೆ ಆ ಕ್ಷಣಕ್ಕೇ ಗೊತ್ತಾಗಿತ್ತು. ಉಸಿರು ಕಡಿಮೆಯಾದಾಗ ಲೆಕ್ಕದ ಪೀಪಿ ನಿಂತುಹೋಗದಂತೆ, ಹೆಚ್ಚಾದಾಗ ಕಿರುಚದಂತೆ ನಾನು ಎರಡೂ ಕಡೆ ಬೇಲಿ ಹಾಕಿದ್ದೆ. ತಪ್ಪು ಸ್ವರ ಬರುವಂತೆಯೇ ಇರಲಿಲ್ಲ. ಅದನ್ನು ನನ್ನ ಜಾಣತನವೆಂದು, ಸಿದ್ಧಮಾಡುತ್ತಿದ್ದ ಸಂಶೋಧನಾ ಪ್ರಬಂಧದಲ್ಲೂ ಬರೆದಿದ್ದೆ. ಬೇಲಿ ಕಿತ್ತರೆ ವಾದ್ಯ ಎಡವುತ್ತದೆ, ಎಡವದಂತೆ ನೋಡಿಕೊಳ್ಳುವುದು ಊದುವವನ ಕೆಲಸವಾಗುತ್ತದೆ. ಆದರೆ ಆ ಕೆಲಸ ಮಾಡುವುದು ತುಟಿ, ಅದೇ ಹೋಗಿತ್ತಲ್ಲ. ಆಗ ಅಟೆಂಡರ್ ಒಂದು ಮಾತು ಹೇಳಿದ, ಮಾವ ಈಗಲೂ ರೊಟ್ಟಿ ಕಡಕಾಗಿದ್ದರೇ ತಿನ್ನುತ್ತಾರೆ ಎಂದ. ಲಕ್ವಾ ಕೆನ್ನೆ-ತುಟಿಗಳನ್ನು ಕೆಡವಿತ್ತು, ದವಡೆಯನ್ನು ಮುಟ್ಟಿರಲಿಲ್ಲ. ಸೈಕಲ್ಲಿನ ವಾಲ್‌ಟ್ಯೂಬ್ ಎಂಬ ಸಣ್ಣ ರಬ್ಬರ್ ಕೊಳವೆಯ ಒಂದು ತುದಿ ಮುಚ್ಚಿ, ಇನ್ನೊಂದು ತುದಿಯನ್ನು ಮತ್ತೊಂದು ಒತ್ತಡದ ಬಿಡಿಭಾಗಕ್ಕೆ ಕಟ್ಟಿ, ಬಲದವಡೆಯ ನಡುವೆ ಇಟ್ಟೆವು. ತುಟಿ ಬಿಗಿಯುವ ಬದಲು ಹಲ್ಲು ಕಚ್ಚುವುದು. ಸೋರುವ ಮೂಲೆಗೆ ದವಾಖಾನೆಯ ಪ್ಲಾಸ್ಟರ್ ಹಚ್ಚಿದೆವು.

ಅಜ್ಜ ಮೂರು ವಾರ ಎಡವಿದರು. ಕಿರುಚಿಸಿದರು, ಉಸಿರುಗಟ್ಟಿಸಿದರು, ಒಮ್ಮೆ ವಾಲ್‌ಟ್ಯೂಬನ್ನು ಕಚ್ಚಿ ತುಂಡು ಮಾಡಿದರು. ನಾಲ್ಕನೆಯ ವಾರ ಬೆಳಗಿನ ರಾಗವೊಂದರ ಎಳೆ ಹಿಡಿದು, ಕೆಳಗಿನ ಸ್ವರದಿಂದ ಮೇಲಕ್ಕೆ ಜಾರಿ, ಅಲ್ಲಿ ನಿಂತರು. ಅವರ ಅಳಿಯ ಬೆಸುಗೆಯ ಕಡ್ಡಿ ಹಿಡಿದವನು ಹಾಗೇ ಕೂತುಬಿಟ್ಟ. ನಾನು ಕೂಡ ಆವತ್ತು ಏನನ್ನೂ ತಿದ್ದಲು ಹೋಗಲಿಲ್ಲ.

ಶ್ರಾವಣಕ್ಕೆ ಇಪ್ಪತ್ತು ದಿನ ಇರುವಾಗ ಊರಿಗೆ ಒಯ್ದು ಕಟ್ಟೆಯ ಮೇಲೆ ನೋಡಿದೆವು. ಕಂಪ್ಯೂಟರನ್ನು ಊರ ಶಾಲೆಯಿಂದ ತಂದ ಮೇಜಿನ ಮೇಲೆ, ಅಜ್ಜನ ಪಕ್ಕದಲ್ಲೇ ಇಟ್ಟೆ. ನಮ್ಮಲ್ಲಿ ನೆರಳಿನಲ್ಲಿ ಸರಿಯಿದ್ದದ್ದು ಬೆಳಗಿನ ಬೆಳಕಿನಲ್ಲಿ ಕೆಟ್ಟಿತು. ಬೆಳಕು ಹರಿದಂತೆಲ್ಲ ತೂತಿನ ಕಣ್ಣುಗಳು ಮೋಸಹೋದವು, ಮುಚ್ಚಿದ ತೂತನ್ನೂ ಕಂಪ್ಯೂಟರು ಅರ್ಧ ತೆರೆದದ್ದೆಂದು ತಿಳಿಯಿತು, ಸ್ವರ ಏರುತ್ತಲೇ ಹೋಯಿತು. ಸನಾದಿಯ ಮೈಮೇಲೆ ಬೆರಳು ತಾಗದ ಜಾಗದಲ್ಲಿ ಎಂಟನೆಯದೊಂದು ಕಣ್ಣು ಇಟ್ಟು, ಸುತ್ತಲಿನ ಬೆಳಕು ಎಷ್ಟಿದೆಯೋ ಅಷ್ಟನ್ನು ಉಳಿದ ಏಳರಿಂದ ಕಳೆಯುವಂತೆ ಮಾಡಿದೆ. ಮೂರನೆಯ ಬೆಳಗು ಸ್ವರ ನಿಂತಿತು.

ಆವತ್ತೇ ಅಧ್ಯಕ್ಷರು ಬಂದದ್ದು. ಪ್ರತಿ ವರ್ಷ ಶರಣರ ಜಯಂತಿಯ ದಿನ ಮೈಕಿನ ಮುಂದೆ ನಿಂತು, ಮನುಷ್ಯರೆಲ್ಲ ಒಂದೇ ಎಂದು ಅವರು ಹೇಳಿದ್ದನ್ನು ಕಣ್ಣಲ್ಲಿ ನೀರು ತಂದುಕೊಂಡು ಹೇಳುವ ಮನುಷ್ಯ. ಗುಡಿಯ ಹಳೆಯ ಹಾಸುಗಲ್ಲಿನ ಮೇಲೆ ತಮ್ಮ ಗ್ರಾನೈಟ್ ಹಾಕಿಸಿ, ಭಕ್ತರು ಜಾರಿ ಬೀಳುವಂತೆ ಮಾಡಿದವರು. ಅಜ್ಜನ ಸನಾದಿಯ ಬಗ್ಗೆ ಒಂದು ಮಾತಾಡಲಿಲ್ಲ. ಕಟ್ಟೆಯ ಧೂಳಿನಲ್ಲಿ ಕೂತ ಕಂಪ್ಯೂಟರನ್ನು ಕಂಡು ಮಾತ್ರ ಅವರ ಕರುಳು ಚುರ್ ಎಂದಿತು. ಇಂಥ ಬೆಲೆಬಾಳುವ ವಸ್ತು ನಾಯಿ ಓಡಾಡುವ ಜಾಗದಲ್ಲಿ ಇಡುವುದೇ ಎಂದು ನೊಂದುಕೊಂಡರು. ಗುಡಿಗೆ ತಾವೇ ಒಂದು ಹೊಸ ಕಂಪ್ಯೂಟರು ಕೊಡುವುದಾಗಿ ಅಲ್ಲೇ ಹೇಳಿದರು. ಅದು ವಾರದಲ್ಲಿ ಬಂತು ಕೂಡ. ಪರದೆಯ ಮೇಲ್ಗಡೆ ಅವರ ತಂದೆಯ ಹೆಸರು, ಕೆಳಗಡೆ ಅವರ ಹೆಸರು ಕೆಂಪು ಬಣ್ಣದಲ್ಲಿ ಬರೆಸಿದ್ದರು. ನಡುವೆ ಉಳಿದ ಜಾಗದಲ್ಲಿ ನಾನು ಕೆಲಸ ಮಾಡಬೇಕಿತ್ತು. ಮರುದಿನ ಅಧ್ಯಕ್ಷರೇ ಅದನ್ನಿಡುವ ಜಾಗ ಹೇಳಿದರು.

"ಮಷಿನ್ ಒಳಗ ಮಂಟಪದಾಗ ಇಡೂಣ್ರಿ ಸರ, ಫ್ಯಾನ್ ಕೆಳಗ. ಅಂವ ಕಟ್ಟಿ ಮ್ಯಾಲ ಕುಂದರ್ಲಿ, ಹಿಂದಿಂದ ಕುಂತಾನಲ್ಲ. ವಾಯರ್ ಎಳದ್ರ ಆತು."

ನಿನ್ನೆ ಪೆಟ್ಟಿಗೆಯಿಂದ ತೆಗೆದ ಡಬ್ಬ ಒಳಗೆ ಹೋಗಬಹುದು, ಕುಂಕುಮ ಹಚ್ಚಿಸಿಕೊಳ್ಳಬಹುದು. ಮೂರು ತಲೆಮಾರು ಆರತಿಗೆ ಊದಿದವರು ಹೋಗುವಂತಿಲ್ಲ. ನನಗೆ ಆ ಮನುಷ್ಯನ ಮುಖ ನೋಡಲೂ ಹೇಸಿಗೆಯಾಯಿತು. ಕಮಿಟಿಯ ಉಳಿದವರು ತಲೆಯಾಡಿಸುತ್ತ ನಿಂತಿದ್ದರು. ಅವರ ಬಗ್ಗೆ ಬರೆಯುವಷ್ಟು ಏನೂ ಇಲ್ಲ.

ನಾನು ಸುಳ್ಳು ಹೇಳಿದೆ. ಇಂಥ ತಂತಿ ಆರು ಅಡಿಗಿಂತ ಉದ್ದವಾದರೆ ಅಳತೆಗಳು ದಾರಿಯಲ್ಲೇ ಸಾಯುತ್ತವೆ, ಸನಾದಿ ಕೆಡುತ್ತದೆ, ದೇವರ ಮುಂದೆ ಅಪಸ್ವರ ಬರುತ್ತದೆ ಎಂದೆ. ಡಿಪ್ಲೊಮಾ ಓದುವ ಹುಡುಗರೂ ನಗುವ ಸುಳ್ಳು ಅದು, ಆ ತಂತಿಯಲ್ಲಿ ಐವತ್ತು ಅಡಿ ದಾಟಿಸುವುದು ದೊಡ್ಡ ಮಾತೇ ಅಲ್ಲ. ಆದರೆ ಅಲ್ಲಿ ಡಿಪ್ಲೊಮಾ ಓದಿದವರು ಇರಲಿಲ್ಲ. ಒಂದೋ ಕಂಪ್ಯೂಟರು ಕಟ್ಟೆಗೆ ಬರಬೇಕು, ಇಲ್ಲವೇ ಅಜ್ಜ ಮಂಟಪಕ್ಕೆ ಬರಬೇಕು, ಎರಡೇ ದಾರಿ ಎಂದು ಹೇಳಿ ಕೈಕಟ್ಟಿ ನಿಂತೆ. ತಂತಿಯ ತುದಿ ಹಿಡಿದಿದ್ದ ಅಟೆಂಡರ್ ನೆಲ ನೋಡುತ್ತಿದ್ದ.

ಕಮಿಟಿ ಎರಡು ಸಲ ಸಭೆ ಸೇರಿತು. ತಂದೆಯ ಹೆಸರು ಬರೆಸಿದ ವಸ್ತುವನ್ನು ಧೂಳಿಗೆ ಕೂರಿಸಲು ಅಧ್ಯಕ್ಷರಿಗೆ ಮನಸ್ಸು ಬರಲಿಲ್ಲ. ಕೊನೆಗೆ ಠರಾವು ಮಾಡಿದರು. ಸನಾದಿಯವರು ಮೈತೊಳೆದು, ಮಡಿ ಧೋತರ ಉಟ್ಟು, ಮಂಟಪದ ಮೊದಲ ಕಂಬದವರೆಗೆ ಬರಬಹುದು. ಆದರೆ ಸನಾದಿಯವರೆಂದು ಅಲ್ಲ. ದಫ್ತರದಲ್ಲಿ ಬರೆದುಕೊಂಡದ್ದು ಕಂಪ್ಯೂಟರ್ ಆಪರೇಟರ್ ಎಂದು. ಪದ್ಧತಿ ಮುರಿದಂತೆಯೂ ಆಗಬಾರದು, ಯಂತ್ರವೂ ಕೆಡಬಾರದು. ಇಷ್ಟು ಬುದ್ಧಿ ಇವರು ಊರಿನ ಗಟಾರಕ್ಕೆ ಖರ್ಚು ಮಾಡಿದ್ದರೆ ಸೊಳ್ಳೆಯಾದರೂ ಕಡಿಮೆಯಾಗುತ್ತಿತ್ತು.

ನಾನು ಮಾತ್ರ ಗೆದ್ದಿದ್ದೆ. ಮೂರು ತಲೆಮಾರಿನಿಂದ ಯಾರೂ ಮಾಡದ್ದನ್ನು ಒಂದು ತಂತಿಯ ಲೆಕ್ಕದಿಂದ ಮಾಡಿದ್ದೆ. ಬೆನ್ನು ತಟ್ಟಿಕೊಳ್ಳುತ್ತಲೇ ಅಜ್ಜನ ಮನೆಗೆ ಹೋದೆ. ಅವರು ಅಂಗಳದಲ್ಲಿ ವಾಲ್‌ಟ್ಯೂಬ್ ತೊಳೆಯುತ್ತಿದ್ದರು. ಸುದ್ದಿ ಹೇಳಿದೆ, ಸುಳ್ಳು ಹೇಳಿದ ಶೌರ್ಯವನ್ನೂ ಬಿಡದೆ ಹೇಳಿದೆ. ಅವರು ಪೂರ್ತಿ ಕೇಳಿದರು. ಟವೆಲ್ ಬಾಯಿಂದ ತೆಗೆದು ಹೆಗಲಿಗೆ ಹಾಕಿಕೊಂಡರು.

"ನಿಮ್ಮ ಮನ್ಯಾಗ ವಾಯರ್ ಎಷ್ಟ ಉದ್ದ ಇತ್ರಿ ಸರ?"

ಇಷ್ಟು ಹೊತ್ತು ಈ ಕಥನದಲ್ಲಿ ನಾನು ಬರೆಯದೆ ಬಿಟ್ಟ ಸಂಗತಿಯೊಂದಿದೆ. ವಿದ್ಯಾಗಿರಿಯ ನಮ್ಮ ಮನೆಯಲ್ಲಿ ಕಂಪ್ಯೂಟರು ಇದ್ದದ್ದು ಒಳಕೋಣೆಯಲ್ಲಿ. ಅಜ್ಜ ಅಷ್ಟೂ ಭಾನುವಾರ ಕೂತದ್ದು ಗೇಟಿನ ಪಕ್ಕ, ಸ್ಕೂಟರ್ ನಿಲ್ಲಿಸುವ ತಗಡಿನ ಚಪ್ಪರದಲ್ಲಿ. ಕಿಟಕಿಯಿಂದ ಅಲ್ಲಿಗೆ ನಲವತ್ತು ಅಡಿ ತಂತಿ ಎಳೆದಿದ್ದೆವು. ಒಳಗೆ ಫ್ಯಾನಿನ ಸದ್ದಿರುತ್ತದೆ, ಕೇಳಲು ತೊಂದರೆಯಾಗುತ್ತದೆ ಎಂದು ಮೊದಲ ದಿನವೇ ನಾನು ಹೇಳಿದ್ದೆ. ಯಾರೂ ಕೇಳಿರಲಿಲ್ಲ, ನಾನಾಗಿಯೇ ಹೇಳಿದ್ದೆ. ಅವ್ವ ಅವರಿಗೆ ನೀರು ಕೊಡುತ್ತಿದ್ದ ಲೋಟ ಚಪ್ಪರದ ಗೂಡಿನಲ್ಲೇ ಇರುತ್ತಿತ್ತು. ಅದನ್ನು ಪ್ರತಿ ವಾರ ನಾನು ನೋಡುತ್ತಿದ್ದೆ. ಅವ್ವನಿಗೆ ಒಂದು ಮಾತು ಹೇಳುವುದು ತಂತ್ರಾಂಶ ಬರೆಯುವುದಕ್ಕಿಂತ ಕಷ್ಟವೆನಿಸಿತ್ತು. ಅಧ್ಯಕ್ಷರನ್ನು ಕಂಡು ನನಗೆ ಅಷ್ಟೊಂದು ಹೇಸಿಗೆಯಾದದ್ದು ಯಾಕೆಂದು ಆ ಅಂಗಳದಲ್ಲಿ ನನಗೆ ತಿಳಿಯಿತು.

ನಾನು ಏನೋ ಹೇಳಲು ಹೋದೆ. ಅಜ್ಜ ಅದಕ್ಕೆ ಜಾಗ ಕೊಡಲಿಲ್ಲ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬಸ್ಸಿನ ಹೊತ್ತು ಹೇಳುವಂತೆ ಹೇಳಿದರು.

"ವಾಯರ್ ಉದ್ದ ಆಕ್ಕೈತಿ ಅಂತ ಹೋಗಿ ಹೇಳ್ರಿ. ಒಳಗ ಹೋದ್ರ ನಾ ಅವರ ಆಪರೇಟರ್, ಅವರು ಕುಂದ್ರು ಅಂದಾಗ ಕುಂದರಬೇಕು, ಏಳು ಅಂದಾಗ ಏಳಬೇಕು. ಕಟ್ಟಿ ಮ್ಯಾಲ ನಾ ಸನಾದಿಯಂವ. ಅಲ್ಲೆ ನನಗ ಯಾರೂ ಏಳು ಅನ್ನಂಗಿಲ್ಲ."

ಹೋಗಿ ಹೇಳಿದೆ. ಲೆಕ್ಕ ತಪ್ಪಿತ್ತು, ತಂತಿ ಉದ್ದವಾದರೂ ನಡೆಯುತ್ತದೆ ಎಂದೆ. ಅಧ್ಯಕ್ಷರು ನನ್ನ ಹೆಗಲ ಮೇಲೆ ಕೈಯಿಟ್ಟು, ದೊಡ್ಡವರೂ ತಪ್ಪುತ್ತಾರೆ ಬಿಡ್ರಿ ಎಂದು ಸಮಾಧಾನ ಹೇಳಿದರು. ಆ ಕೈಯನ್ನು ನಾನು ಸಹಿಸಿಕೊಂಡೆ. ದಫ್ತರದಲ್ಲಿ ಠರಾವಿನ ಮೇಲೆ ಅಡ್ಡಗೆರೆ ಎಳೆದರು. ಅವರ ಮುಖದಲ್ಲಿದ್ದ ನಿರಾಳ ನೋಡುವಂತಿತ್ತು.

ಉಳಿದ ದಿನಗಳಲ್ಲಿ ಅಟೆಂಡರ್ ಮಂಟಪದಿಂದ ಕಟ್ಟೆಯವರೆಗೆ ತಂತಿ ಎಳೆದ. ಮಂಟಪದಲ್ಲಿ ಸ್ಪೀಕರ್ ಇಡಿ ಎಂದು ಕಮಿಟಿಯವರು ಹೇಳಿದ್ದರು. ನಾನು ಯಾರನ್ನೂ ಕೇಳದೆ ಅದನ್ನು ಕಟ್ಟೆಯ ಮೇಲೆ ಅಜ್ಜನ ಬಲಗಡೆ ಇಟ್ಟೆ. ಈ ಸಲ ಕಾರಣ ಹೇಳಲೂ ಹೋಗಲಿಲ್ಲ.

ಶ್ರಾವಣದ ಮೊದಲ ಸೋಮವಾರ ಬೆಳಗಾಗುವ ಮೊದಲೇ ಗುಡಿ ತುಂಬಿತ್ತು. ಯಂತ್ರದ ಸನಾದಿ ಕೇಳಲು ಹುನಗುಂದದಿಂದಲೂ ಜನ ಬಂದಿದ್ದರು. ನಾನು ಮಂಟಪದಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದೆ. ಅಧ್ಯಕ್ಷರು ನನ್ನ ಪಕ್ಕ ಹೊಸ ರುಮಾಲು ಸುತ್ತಿ ನಿಂತಿದ್ದರು, ಹಿಂದೆ ಅವರ ಕಮಿಟಿ. ಪೂಜಾರಿ ಆರತಿ ಹೊತ್ತಿಸಿಕೊಂಡು ಗರ್ಭಗುಡಿಯ ಹೊಸ್ತಿಲ ಬಳಿ ನಿಂತ. ಗದ್ದಲ ಅಡಗಿತು.

ಸನಾದಿ ಬರಲಿಲ್ಲ.

ಜನ ಕತ್ತು ಚಾಚಿ ಕಟ್ಟೆಯ ಕಡೆ ನೋಡಿದರು. ಪೂಜಾರಿ ನಮ್ಮ ಕಡೆ ನೋಡಿದ. ಅಧ್ಯಕ್ಷರು ಬಗ್ಗಿ ನನ್ನ ಕಿವಿಯ ಹತ್ತಿರ, ಕೆಟ್ಟಿತೇನು ಎಂದು ಕೇಳಿದರು. ನಾನು ಪರದೆ ನೋಡಿದೆ. ಎಂಟನೆಯ ಕಣ್ಣು ಬೆಳಗಿನ ಬೆಳಕನ್ನು ಸರಿಯಾಗಿ ಅಳೆಯುತ್ತಿತ್ತು. ಏಳೂ ತೂತುಗಳು ಮುಚ್ಚಿದ್ದವು. ಹಲ್ಲಿನ ಗೆರೆ ಮೇಲಿತ್ತು, ವಾಲ್‌ಟ್ಯೂಬನ್ನು ಹದವಾಗಿ ಕಚ್ಚಿ ಹಿಡಿದಿದ್ದರು. ಉಸಿರಿನ ಗೆರೆ ಮಾತ್ರ ಸೊನ್ನೆಯ ಮೇಲೆ ಅಲುಗದೆ ಮಲಗಿತ್ತು. ತಂತಿ ಸರಿಯಿತ್ತು, ಯಂತ್ರ ಸರಿಯಿತ್ತು.

"ಕೆಟ್ಟಿಲ್ರಿ, ಕಾಯಬೇಕು" ಎಂದೆ.

ಪೂಜಾರಿ ಕೈ ಸೋತು ಆರತಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. ಅಧ್ಯಕ್ಷರು ರುಮಾಲು ಸರಿಮಾಡಿಕೊಂಡರು. ನಾನು ಕುರ್ಚಿಯಿಂದ ಎದ್ದೆ. ಅಜ್ಜ ಊದುವವರೆಗೆ ನಾವೆಲ್ಲ ನಿಂತೇ ಇದ್ದೆವು.